ಮೂತಿಯ ಭಾರ

ದೋಣಿಯ ತೂಕ ಎಷ್ಟು, ಕೇಳಿದೆ.
ಎರಡು ಟನ್ನು, ಅಂದ ಖಲ್ಫಾನ್, ಕಾಗದದಲ್ಲಿದೆ.
ಕಾಗದದ ದೋಣಿ ನೆನೆದಿರುವುದಿಲ್ಲ, ಅಂದೆ.
ಅವನಿಗೆ ಅರ್ಥವಾಗಲಿಲ್ಲ. ನನ್ನ ಅರಬ್ಬಿ ಅಷ್ಟೇ.

ಸೊಹಾರಿನ ಸನಾಯದಲ್ಲಿ ಸಂಜೆ ಐದಕ್ಕೂ
ಶಟರಿನ ತಗಡು ಮುಟ್ಟುವ ಹಾಗಿಲ್ಲ.
ಅಂಗಡಿಯ ಬೋರ್ಡಿನಲ್ಲಿ ‘ಬನ್ಶರ್’ ಎಂದಿದೆ.
ಇವರ ನಾಲಗೆಯಲ್ಲಿ ಪಕಾರವಿಲ್ಲ:
ಪಂಕ್ಚರ್ ಬನ್ಶರ್ ಆದ ದಾರಿಯಲ್ಲೇ
ಗಂಗೊಳ್ಳಿಯ ಪುಂಡಲೀಕ ಖಾರ್ವಿ
ಬುಂದಲೀಕ್ ಆಗಿ ಹನ್ನೊಂದು ವರ್ಷ.

ಅವನ ಕಣ್ಣೆಲ್ಲ ಗೋಡೆಯ ಮೇಲಿನ ಟೈರಿನಲ್ಲಿ,
ಮೊಸಳೆ ಬೆನ್ನಿನಂಥ ಗುಬುಟು, ಬಿಳಿ ಅಕ್ಷರ.
ಚೆಂದವೇ. ಮದುವೆ ದಿಬ್ಬಣಕ್ಕೆ ಹೋಗು ಇದರಲ್ಲಿ.
ಮಸೀರಾದ ಕಡೆಗೆ ಆರುನೂರು ಚಿಲ್ಲರೆ ಕಿಲೋಮೀಟರು
ಕಾದ ಡಾಂಬರಿನ ಮೇಲೆ ದೋಣಿ ಎಳೆಯುವುದಕ್ಕೆ
ಗುಬುಟಲ್ಲ, ಪಕ್ಕೆ ಬೇಕು.
ಇಲ್ಲಿ ನೋಡು, ಪಕ್ಕೆಯ ಮೇಲೆ: ನೂರ ಇಪ್ಪತ್ತೊಂದು.
ಚಕ್ರ ಹೊರುವ ಭಾರದ ಗುರುತು.
ನಿನ್ನ ಹಳೆಯದು ನೂರ ಹದಿಮೂರು.
ಎಂಟೇ ಅಲ್ಲವಾ, ನಕ್ಕ.
ಆ ಎಂಟು ಅಂದರೆ ಮುನ್ನೂರು ಕಿಲೋ. ಚಕ್ರ ಒಂದಕ್ಕೆ.
ಹುಟ್ಟಿದ ವಾರವನ್ನೂ ಓದಿಕೋ;
ಗೋಡೌನಿನಲ್ಲಿ ನಾಲ್ಕು ಬೇಸಿಗೆ ಬೆಂದದ್ದೂ
ರಫೀಕುಲ್ ಬಟ್ಟೆಯಲ್ಲಿ ತಿಕ್ಕಿದರೆ ಕಪ್ಪಗೆ ಹೊಳೆಯುತ್ತದೆ.
(ಇದನ್ನು ಮೆಲ್ಲಗೆ ಹೇಳಿದೆ. ಕೋಯಕುಟ್ಟಿ ಗಲ್ಲಾದಲ್ಲಿದ್ದ.)

ಮಾರನೆ ದಿನ ಮಾರ್ಬಲ್ ಫ್ಯಾಕ್ಟರಿಯ ಕಾಟಾದ ಮೇಲೆ
ಟ್ರೇಲರು, ದೋಣಿ ಸೇರಿ ಮೂರು ಸಾವಿರದ ನೂರ ನಲವತ್ತು.
ಹತ್ತಿ ನೋಡಿದೆ. ಹಿಂಬದಿಯಲ್ಲಿ ಎರಡು ಎಂಜಿನ್ನು,
ತುಂಬಿದ ಪೆಟ್ರೋಲ್ ಡ್ರಮ್ಮು, ಹಸಿ ಬಲೆಯ ಗುಡ್ಡೆ, ಲಂಗರು,
ಯಾರದೋ ಒಂಟಿ ಚಪ್ಪಲಿ.
ಕಡಲಿಗೆ ಇದೇ ಸರಿ. ಹಿಂಬದಿ ಕೂತರೆ ಮೂತಿ ಏಳುತ್ತದೆ,
ಅಲೆ ಸೀಳುತ್ತದೆ. ಅಪ್ಪ ಹೀಗೇ ತುಂಬುತ್ತಿದ್ದ,
ಒಂದು ಕಲ್ಲು ಆಚೀಚೆ ಆದರೆ ತಾಯಿ ಸಮೇತ ಬೈಯುತ್ತಿದ್ದ.
ರಸ್ತೆಗೆ ಇದೇ ತಪ್ಪು.
ಕೊಕ್ಕೆಯ ಮೇಲೆ ಭಾರವಿಲ್ಲದ ಟ್ರೇಲರು
ನೂರರ ವೇಗಕ್ಕೆ ಬಾಲ ಬೀಸುತ್ತದೆ,
ಆಮೇಲೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ.
ಬರ್ಕಾದ ಹತ್ತಿರ ಒಂದನ್ನು ನೋಡಿದ್ದೇನೆ,
ಹೊಟ್ಟೆ ಮೇಲಾಗಿ ಮರಳಿನಲ್ಲಿ. ಸುತ್ತ ಒಂದು ಹನಿ ನೀರಿಲ್ಲ.

ಬಲೆ, ಲಂಗರು ಮುಂದಕ್ಕೆ. ಡ್ರಮ್ಮು ಖಾಲಿ.
ವಿಂಚು ತಿರುಗಿಸಿ ದೋಣಿಯನ್ನೇ ಒಂದು ಗೇಣು ಎಳೆದೆವು.
ಮೂತಿಯಲ್ಲಿ ಈಗ ಮುನ್ನೂರು. ಹತ್ತರಲ್ಲೊಂದು ಪಾಲು.
ಗಾಡಿಯ ಕುಂಡೆ ಕುಸಿದು ದೀಪಗಳು ಆಕಾಶ ನೋಡಿದವು;
ಸ್ಪ್ರಿಂಗಿನೊಳಗೆ ಗಾಳಿಚೀಲ ಕೂರಿಸಿದೆ,
ಗೇರ್ ಎಣ್ಣೆಗೆ ಬೇರೆ ಕೂಲರು, ಟ್ರೇಲರಿನ ಬ್ರೇಕಿಗೆ ತಂತಿ.
ಬಿಲ್ಲು ನೋಡಿ ಖಲ್ಫಾನ್ ದೇವರನ್ನು ನೆನೆದ.

ಗಾಳಿ ನೋಡುವುದು ಬೆಳಗಿನ ಬಾಂಗಿಗೆ ಮುಂಚೆ, ಅಂದೆ.
ಓಡಿ ಬಿಸಿಯಾದ ಟೈರು ಸುಳ್ಳು ಹೇಳುತ್ತದೆ.
ಹಿಂದಕ್ಕೆ ಅರವತ್ತು, ಹಾದಿಯಲ್ಲಿ ಏರಿತೆಂದು ಇಳಿಸಬೇಡ.
ಮರಳಿಗೆ ಇಳಿದರೆ ಹದಿನೆಂಟು.
ಮತ್ತೆ ಡಾಂಬರು ಹತ್ತುವ ಮುಂಚೆ ತುಂಬಿಸು, ಎಷ್ಟೇ ಅವಸರವಿರಲಿ.
ಎಂಬತ್ತು ಕಿಲೋಮೀಟರಿಗೆ ನಿಲ್ಲು, ನಟ್ಟು ಮುಟ್ಟಿ ನೋಡು.
ನನ್ನದೇ ಟಾರ್ಕ್ ಪಾನಾ ಕೊಟ್ಟೆ. ಟಕ್ ಅನ್ನಬೇಕು.
ತಲೆಯಾಡಿಸಿದ. ತಲೆಯಾಡಿಸುವವರು ನಿಲ್ಲುವುದಿಲ್ಲ.

ನೀನೂ ಬಾ, ಅಂದ, ಕನಅದ್ ಹಂಗಾಮು.
ಕನಅದ್ ಅಂದರೆ ನಮ್ಮ ಅಂಜಲ್.
ದೋಣಿ ನಿನಗೆ ಗೊತ್ತಿದೆಯಲ್ಲ.
ಶುಕ್ರವಾರ ಅಂಗಡಿ ಇದೆ, ಅಂದೆ.

ಬೆಳಿಗ್ಗೆ ಆರೂಕಾಲಕ್ಕೆ ಫೋನಿಗೆ ಒಂದು ಧ್ವನಿ,
ಒಂಬತ್ತು ಸೆಕೆಂಡು. ಸುವೈಖಿನ ಪೆಟ್ರೋಲ್ ಬಂಕಿರಬೇಕು:
ಗಾಳಿ, ದೂರದ ಲಾರಿ, ಮಾತಿಲ್ಲ.
ಟಕ್.
ಟಕ್.
ಮೂರನೆಯದು ಒಂಚೂರು ತಿರುಗಿತು.
ಟಕ್.